ಹನ್ನೆರಡು ತಿಂಗಳು ಬೀಳುವ ನೀರು

ಮುದುಕಿ ಜಾರಿ ಬೀಳಬಹುದಿತ್ತು. ಬಿದ್ದು ಸೊಂಟ ಮುರಿಯಬಹುದಿತ್ತು. ಸೊಂಟ ಮುರಿದ ಮಾಮಲೇದಾರರ ತಾಯಿಯನ್ನು ಕಂಬಳಿಯ ಜೋಳಿಗೆಯಲ್ಲಿ ಹೊತ್ತು ತರುವಾಗ ಆ ಜೋಳಿಗೆಯೂ ಹರಿಯಬಹುದಿತ್ತು. ಬಂಡೆಗೆ ಜೋತುಬಿದ್ದ ಹೆಜ್ಜೇನಿನ ಹುಟ್ಟುಗಳಲ್ಲಿ ಒಂದಾದರೂ ಏಳಬಹುದಿತ್ತು. ಆ ಕೊಳ್ಳಕ್ಕೆ ಕರಡಿಕೊಳ್ಳ ಎಂದು ಹೆಸರಿಟ್ಟವರು ಚೇಷ್ಟೆಗೆ ಇಟ್ಟಿರಲಿಕ್ಕಿಲ್ಲ, ಆದ್ದರಿಂದ ಕರಡಿ. ಹಾವಂತೂ ಇದ್ದೇ ಇತ್ತು. ಕಾಣದಿದ್ದರೆ ಅಡಗಿದೆ ಎಂದೇ ಅರ್ಥ. ದಾರಿ ತೋರಿಸುವ ಕುರುಬನಿಗೆ ದಾರಿ ತಪ್ಪಬಹುದಿತ್ತು. ತಪ್ಪದೆ ನೆಟ್ಟಗೆ ಮುಟ್ಟಿದ ಮೇಲೆ, ಅಲ್ಲಿ ಒಂದು ಹನಿ ನೀರೂ ಇಲ್ಲದೆ ಇರಬಹುದಿತ್ತು. ಎಲ್ಲಕ್ಕಿಂತ ಹೆಚ್ಚು ಅಂಜಿದ್ದು ಈ ಕಡೆಯದಕ್ಕೆ. ಯಾಕೆಂದರೆ ಅಲ್ಲಿ ವರ್ಷದ ಹನ್ನೆರಡೂ ತಿಂಗಳು ನೀರು ಬೀಳುತ್ತದೆಂದು ಸರಕಾರಕ್ಕೆ ಬರೆದುಕೊಟ್ಟವನು ನಾನೇ.

ಕಳೆದ ವಾರ ಕೆರೂರ ಸಂತೆಯಲ್ಲಿ ಮಳೆ ಹಿಡಿದುಕೊಂಡಿತು. ಅಂಗಡಿಯೊಂದರ ಕಟ್ಟೆಯ ಮೇಲೆ ಕುಳಿತು, ಮಳೆ ನಿಲ್ಲದಿದ್ದರೆ ಮನೆ ಮುಟ್ಟುವುದು ಹೇಗೆ, ನಿಂತುಬಿಟ್ಟರೆ ಹಿಂಗಾರಿ ಜೋಳದ ಗತಿಯೇನು ಎಂದು ಎರಡನ್ನೂ ಕೂಡಿಸಿಯೇ ಚಿಂತಿಸುತ್ತಿದ್ದೆ. ಒಬ್ಬ ಕುರುಬ ಕಂಬಳಿ ಹೊದ್ದು ಬಂದು ಮಗ್ಗುಲಲ್ಲಿ ನಿಂತ. ತೊಯ್ದ ಕಂಬಳಿಯ ವಾಸನೆ ಬಲ್ಲವರೇ ಬಲ್ಲರು: ಕುರಿ, ಒಲೆಯ ಹೊಗೆ, ಹುಣಸೆಬೀಜದ ಗಂಜಿ ಮೂರೂ ಕಲೆತದ್ದು. ಅದು ಮೂಗಿಗೆ ಬಡಿದದ್ದೇ ತಡ, ನನ್ನ ನರೆತ ಮೀಸೆ ಕಪ್ಪಾಗಿ, ನಾನು ಮತ್ತೆ ಬಾದಾಮಿ ಕಚೇರಿಯ ಹಂಗಾಮಿ ಕಾರಕೂನನಾಗಿ ಕುಳಿತುಬಿಟ್ಟೆ.

ಆಗ ನನಗೆ ಮೂವತ್ತೊಂದು. ಮೂರು ವರ್ಷದಿಂದ ಹಂಗಾಮಿ. ಮಾಮಲೇದಾರರು ಒಂದು ಶಿಫಾರಸು ಬರೆದರೆ ಕಾಯಂ, ಬರೆಯದಿದ್ದರೆ ಹುನಗುಂದದ ಮಾವನ ಮನೆ. ಅಲ್ಲಿ ಅತ್ತೆ ರೊಟ್ಟಿ ಹಾಕುತ್ತಾಳೆ, ಜೊತೆಗೆ ನಾಲ್ಕು ಮಾತೂ ಹಾಕುತ್ತಾಳೆ. ಮನೆಯಲ್ಲಿ ಹೆಂಡತಿ ಗಂಗವ್ವ, ಮಗ್ಗುಲಲ್ಲಿ ಇನ್ನೂ ನಡೆಯಲು ಕಲಿಯುತ್ತಿದ್ದ ಮಗಳು.

ಅದರ ಹಿಂದಿನ ವರ್ಷ ಜಿಲ್ಲೆಯ ಕಚೇರಿಯಿಂದ ಛಾಪಿಸಿದ ತಖ್ತೆಯೊಂದು ಬಂದಿತ್ತು. ತಾಲೂಕಿನಲ್ಲಿ ನೋಡತಕ್ಕ ಸ್ಥಳಗಳನ್ನು ಅದರಲ್ಲಿ ತುಂಬಬೇಕು. ಒಂದು ಖಾನೆಯಲ್ಲಿ ಹೆಸರು, ಒಂದರಲ್ಲಿ ದೂರ, ಒಂದರಲ್ಲಿ ದಾರಿ. ಕಡೆಯ ಖಾನೆ: ನೀರು ಬೀಳುವ ಸ್ಥಳವಾದರೆ ವರ್ಷಕ್ಕೆ ಎಷ್ಟು ತಿಂಗಳು. ಕರಡಿಕೊಳ್ಳದಲ್ಲಿ ನೀರು ಬೀಳುತ್ತದೆ, ಜನ ಅದಕ್ಕೆ ದಬದಬಿ ಅನ್ನುತ್ತಾರೆ ಎಂಬಷ್ಟು ನನಗೆ ಕೇಳಿ ಗೊತ್ತಿತ್ತು. ನೋಡಿದವನಲ್ಲ. ಪಟ್ಟೇವಾಲಾ ಹುಸೇನಸಾಬನನ್ನು ಕೇಳಿದೆ.

"ನೀರೇನ್ರಿ? ಭಾಳ ನೀರ್ರಿ. ನಮ್ಮ ಮಾಂವ ನೋಡ್ಯಾನ," ಅಂದ.

ಮಾವ ಯಾವ ತಿಂಗಳಲ್ಲಿ ನೋಡಿದ ಎಂದು ನಾನು ಕೇಳಲಿಲ್ಲ. ಕಚೇರಿಗೆ ಸೇರಿದ ಮೊದಲ ದಿನವೇ ಹಿರಿಯ ಕಾರಕೂನರು ಕಿವಿಯಲ್ಲಿ ಮಂತ್ರ ಊದಿದ್ದರು: "ಖಾನಿ ಖಾಲಿ ಬಿಟ್ರ ಮ್ಯಾಲಿಂದ ಪ್ರಶ್ನಿ ಬರ್ತದ. ತುಂಬಿದ್ರ ಯಾರೂ ಕೇಳಂಗಿಲ್ಲ." ನಮ್ಮಲ್ಲಿ ಸುಳ್ಳಿಗಿಂತ ಖಾಲಿ ಜಾಗ ದೊಡ್ಡ ತಪ್ಪು. 'ಹನ್ನೆರಡು' ಎಂದು ದುಂಡಗೆ ಬರೆದೆ. ಅಕ್ಷರ ಚೆನ್ನಾಗಿ ಬಂದಿತ್ತು, ಅದೊಂದು ಸಮಾಧಾನ.

ಮರುವರ್ಷ ಧಾರವಾಡದ ಕಡೆಯಿಂದ ಹೊಸ ಮಾಮಲೇದಾರರು ಬಂದರು. ಹಳೆಯ ಕಾಗದಗಳನ್ನು ಓದುವ ಚಟದವರು. ಇಂಥವರು ಅಪರೂಪ, ನನ್ನ ಪಾಲಿಗೇ ಬರಬೇಕೇ. ಆ ವರ್ಷ ಹುಬ್ಬಿ ಮಳೆ ಕೈಕೊಟ್ಟಿತ್ತು, ಉತ್ತರಿ ಮೋಡವನ್ನಷ್ಟೇ ತೋರಿಸಿ ಹೋಗಿತ್ತು, ಹಸ್ತ ಹೂಡಿ ಎರಡು ದಿನವಾದರೂ ಬಾದಾಮಿಯ ಕೆಂಪು ಗುಡ್ಡಗಳು ಕಾದ ಹಂಚಿನ ಹಾಗೆ ನಿಂತಿದ್ದವು. ಅಂಥ ಒಂದು ಮಧ್ಯಾಹ್ನ ಅವರು ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಆ ತಖ್ತೆಯ ಪ್ರತಿ.

"ಇದು ನಿಮ್ಮ ಅಕ್ಷರ ಅಲ್ಲೇನ್ರಿ?"

"ಹೌದ್ರಿ ಸಾಹೇಬ್ರ."

"ಹನ್ನೆರಡು ತಿಂಗಳೂ ನೀರು ಬೀಳ್ತದ?"

"ಹಂಗ ಅಂತಾರ್ರಿ."

"ಅಂತಾರ ಅಂತ ಎಲ್ಲೆ ಬರದೀರಿ? ಬೀಳ್ತದ ಅಂತ ಬರದೀರಿ." ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅಷ್ಟು ಹೆದರುತ್ತಿರಲಿಲ್ಲ. "ನವರಾತ್ರಿಗಂತ ನಮ್ಮ ಆಯಿ ಬಂದಾಳ. ಬೀಳೋ ನೀರು ನೋಡಬೇಕಂತ ಅಕಿಗೆ ಭಾಳ ದಿನದ ಆಶಾ. ನಾಳೆ ನೀವಾ ಕರಕೊಂಡು ಹೋಗ್ರಿ. ಈ ತಾಲೂಕಿನ ಕೆರಿ ಬಾವಿ ತಖ್ತೆಗೋಳೂ ನಿಮ್ಮ ಅಕ್ಷರದಾಗನ ಅವ. ಜನ ಕುಡಿಯೋ ನೀರಿನ ಮಾತು. ಇದೊಂದು ಸುಳ್ಳಾತಂದ್ರ ಅವನ್ನೆಲ್ಲಾ ನಾ ಹೆಂಗ ನಂಬಲಿ? ನಾಡಿದ್ದು ನಿಮ್ಮ ಶಿಫಾರಸು ಬರ್ಯೂದದ. ಬಂದು ಹೇಳ್ರಿ."

ಬಾವಿಗಳನ್ನು ನಾನು ಕಣ್ಣಾರೆ ನೋಡಿ, ಹಗ್ಗ ಬಿಟ್ಟು ಅಳೆದು ಬರೆದಿದ್ದೆ. ಆದರೆ ಅದನ್ನು ಯಾವ ಮುಖದಿಂದ ಹೇಳಲಿ?

ಮನೆಗೆ ಬಂದು ತುಳಸಿಗೇರಿ ಹನುಮಪ್ಪನಿಗೆ ಐದು ಕಾಯಿ ಹರಕೆ ಹೊತ್ತೆ. ಐದು ಸಾಲವೇನೋ ಎನಿಸಿ ಹನ್ನೊಂದು ಮಾಡಿದೆ. ಗಂಗವ್ವ ರೊಟ್ಟಿ ಬಡಿಯುತ್ತ, "ಮಳಿ ಬರೂದು ಬಿಡೂದು ಕಾಯಿ ಮ್ಯಾಲ ಇದ್ರ ನಮ್ಮೂರಾಗ ಕೆರಿ ಒಣಗತಿತ್ತೇನ್ರಿ? ಉಂಡು ಮಕ್ಕೋರಿ," ಅಂದಳು. ಉಂಡೆ. ಮಲಗಿದ್ದು ಸುಳ್ಳು.

ಮರುದಿನ ಹೊತ್ತೇರುವ ಮೊದಲೇ ಗುಡ್ಡದ ಬುಡದವರೆಗೆ ಚಕ್ಕಡಿಯಲ್ಲಿ ಹೋದೆವು: ಅವ್ವಾರು, ಬುತ್ತಿಯ ಗಂಟು ಹಿಡಿದ ಹುಸೇನಸಾಬ, ನಾನು. ಮಾಮಲೇದಾರರ ತಾಯಿಯನ್ನು ಎಲ್ಲರೂ ಅವ್ವಾರು ಎಂದೇ ಕರೆಯುತ್ತಿದ್ದೆವು. ಎಪ್ಪತ್ತು ವರ್ಷ. ಕೆಂಪು ಸೀರೆಯ ಸೆರಗನ್ನು ತಲೆಯ ಮೇಲಿಂದ ಎಳೆದು ಸೊಂಟಕ್ಕೆ ಸಿಕ್ಕಿಸಿದ, ಒಣ ಮೆಣಸಿನಕಾಯಿಯಂತೆ ತೆಳ್ಳಗೂ ಹಾಗೇ ಚುರುಕಾಗಿಯೂ ಇದ್ದ ಹೆಂಗಸು. ಬರಿಗಾಲು. ಗುಡ್ಡದ ಬುಡದಲ್ಲಿ ಕುರುಬರ ಮಾಳಪ್ಪ ಕಾದು ನಿಂತಿದ್ದ. ಅವನ ಕುರಿಗಳು ಆ ಕೊಳ್ಳದ ಸುತ್ತಲೇ ಮೇಯುತ್ತಿದ್ದವು.

"ಮಾಳಪ್ಪ, ನೀರು ಐತೇನೋ?" ಎಂದು ಅವನ ಕಿವಿಯಲ್ಲಿ ಕೇಳಿದೆ.

"ಈ ಕಡೆ ಕುರಿ ಬಿಟ್ಟು ಹದಿನೈದು ದಿನ ಆತ್ರಿ, ಕೊಳ್ಳದ ಕಡೆ ಹೋಗಿಲ್ಲ. ನಡೀರಿ, ಬೀರಪ್ಪ ಅದಾನ."

ಕುರುಬರ ದೇವರು ಬೀರಪ್ಪ ಇದ್ದಾನೆ, ಸರಿ. ನಾನು ಕೇಳಿದ್ದು ನೀರು.

ದಾರಿ ಅನ್ನುವಂಥ ದಾರಿಯಲ್ಲ ಅದು. ಆಡುಗಳು ಒಂದರ ಹಿಂದೊಂದು ಹೋಗಿ ಬಿದ್ದ ಗೆರೆ. ಕವಳಿ ಕಂಟಿ ಎರಡೂ ಕಡೆಯಿಂದ ಧೋತರ ಹಿಡಿದು ಎಳೆಯುತ್ತಿತ್ತು. ಮನೆಯಷ್ಟು ದೊಡ್ಡ ಬಂಡೆಗಳ ನಡುವೆ ಮೈ ಓರೆ ಮಾಡಿ ನುಸುಳಬೇಕು. ನುಸುಳಿದ ಕೂಡಲೇ ಕೈಯೂರಿ ಏರಬೇಕು. ಏರಿದ ಮೇಲೆ ಕೆಳಗೆ ನೋಡಬಾರದು. ಮೇಲೆ ದಿಂಡಲದ ಗಿಡಗಳು, ನೆರಳು ಕೊಡಲು ಮನಸ್ಸಿದ್ದೂ ಎಲೆ ಸಾಲದಂಥವು. ನಾನು ಮುಂದೆ ನಡೆದರೆ ಹಿಂದೆ ಅವ್ವಾರು ಬಿದ್ದಾರು ಎಂಬ ಭಯ, ಹಿಂದೆ ನಡೆದರೆ ಮುಂದೆ ಅವರು ಹಾವು ತುಳಿದಾರು ಎಂಬ ಭಯ. ಹೀಗಾಗಿ ಅವರ ಸುತ್ತ ಕುರಿಮರಿಯ ಹಾಗೆ ಸುಳಿಯುತ್ತಿದ್ದೆ.

"ಅವ್ವಾರ, ಕಲ್ಲ್ರೀ... ಅವ್ವಾರ, ಮುಳ್ಳ್ರೀ..."

ಅವರು ನಿಂತರು. "ಕಾರಕೂನಾ, ಗುಡ್ಡದಾಗ ಕಲ್ಲು ಇರ್ತದ. ಕಂಟ್ಯಾಗ ಮುಳ್ಳು ಇರ್ತದ. ಇಷ್ಟು ನನಗ ಗೊತ್ತದ. ಹೊಸಾದೇನರೆ ಇದ್ರ ಹೇಳು."

ಹುಸೇನಸಾಬ ರುಮಾಲಿನ ಚುಂಗು ಬಾಯಿಗೆ ಒತ್ತಿಕೊಂಡ. "ನಗಬ್ಯಾಡಲೇ," ಎಂದು ಗದರಿದೆ. "ನಗತಿಲ್ರಿ, ಏದುಸಿರು," ಅಂದ.

ಒಂದು ಕಡೆ ಸೀತಾಫಲದ ಗಿಡವಿತ್ತು. ಮಾಳಪ್ಪ ಕಣ್ಣು ಬಿರಿದ ಹಣ್ಣೊಂದನ್ನು ಕಿತ್ತು ಅವ್ವಾರ ಮುಂದಿನ ಬಂಡೆಯ ಮೇಲೆ ಇಟ್ಟು ಸರಿದು ನಿಂತ. ಅವರು ಕೂಸಿನ ಹಾಗೆ ಕುಳಿತು ತಿಂದರು, ಬೀಜಗಳನ್ನು ದೂರ ಉಗುಳುತ್ತ. ನನಗೆ ಬೀಜ ಗಂಟಲಿಗೆ ಸಿಕ್ಕೀತು ಎಂಬುದರ ಹೊರತು ಬೇರೇನೂ ತೋಚಲಿಲ್ಲ.

ಎರಡು ತಾಸು ನಡೆದ ಮೇಲೆ ಹಳ್ಳಕ್ಕೆ ಇಳಿದೆವು. ಹಳ್ಳವೆಂದರೆ ಉರುಟು ಕಲ್ಲು, ಉಸುಕು, ಉದುರಿದ ಎಲೆ. ಅದರ ಪಾತ್ರದಲ್ಲೇ ಮೇಲಕ್ಕೆ ನಡೆಯಬೇಕು ಎಂದ ಮಾಳಪ್ಪ. ಒಂದು ಕಲ್ಲನ್ನು ಎತ್ತಿ ತಳ ಮುಟ್ಟಿ ನೋಡಿದೆ. ಅಂಗೈ ಬೆಚ್ಚಗಾಯಿತು.

"ಮಾಳಪ್ಪ, ಈ ಹಳ್ಳ ಎಲ್ಲಿಂದ ಬರತೈತೋ?"

"ದಬದಬಿ ಬುಡದಿಂದನರಿ. ಅಲ್ಲಿ ಬಿದ್ದ ನೀರನ ಹಿಂಗ ಹಾದು ಹೋಗೂದು."

ಇನ್ನು ಕೇಳುವುದೇನು ಉಳಿಯಿತು? ಇಲ್ಲಿ ಒಣಗಿದೆ ಎಂದರೆ ಅಲ್ಲಿ ಬೀಳುತ್ತಿಲ್ಲ. ಒಂದು ದುಂಡು ಕಲ್ಲಿನ ಮೇಲೆ ಕುಳಿತು ಹುನಗುಂದದ ಅತ್ತೆಯ ಮುಖವನ್ನು ಸ್ಪಷ್ಟವಾಗಿ ನೋಡಿದೆ.

"ಯಾಕೋ? ದಣಿದೇನು?" ಅಂದರು ಅವ್ವಾರು.

ಅಲ್ಲಿಯತನಕ ನನ್ನಲ್ಲಿ ಹತ್ತು ಉಪಾಯಗಳು ಸಿದ್ಧವಿದ್ದವು. ದಾರಿ ತಪ್ಪಿತು ಅನ್ನಬಹುದಿತ್ತು. ಮುಂದೆ ಕರಡಿಯ ಹೆಜ್ಜೆ ಇದೆ ಎಂದು ತಿರುಗಿಸಬಹುದಿತ್ತು. ನೋಡದೆ ಹಿಂದಿರುಗಿದರೆ ಸುಳ್ಳು ಸುಳ್ಳಾಗಿಯೂ ಉಳಿಯುವುದಿಲ್ಲ, ಖರೆಯಾಗಿಯೂ ಉಳಿಯುವುದಿಲ್ಲ. ಕಚೇರಿಯಲ್ಲಿ ಅದಕ್ಕಿಂತ ಸುಖದ ಸ್ಥಿತಿ ಇನ್ನೊಂದಿಲ್ಲ. ಆದರೆ ಆ ಬರಿಗಾಲು ನೋಡಿದೆ. ಹಿಮ್ಮಡಿಯ ಬಿರುಕಿನಲ್ಲಿ ಕೆಂಪು ಮಣ್ಣು ತುಂಬಿತ್ತು. ಎರಡು ತಾಸು ಆ ಕಾಲು ನನ್ನ ಅಕ್ಷರವನ್ನು ನಂಬಿ ನಡೆದಿತ್ತು.

"ಅವ್ವಾರ, ನಾ ಸುಳ್ಳ ಬರದೇನ್ರಿ. ದಬದಬಿ ನಾ ನೋಡಿಲ್ರಿ. ಹನ್ನೆರಡು ತಿಂಗಳ ಅಂತ ಸುಮ್ನ ಬರದೆ."

ಮಾಳಪ್ಪ ಆಕಾಶ ನೋಡಿದ. ಹುಸೇನಸಾಬ ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ.

"ಯಾರ ಮುಂದ ಹೇಳ್ಲಿಕತ್ತಿ ಗೊತ್ತದೇನು?" ಅಂದರು ಅವ್ವಾರು.

"ಗೊತ್ತೈತ್ರಿ. ಸಾಹೇಬರ ತಾಯಿ ಮುಂದ."

"ಯಾಕ ಬರದಿ?"

"ಖಾನಿ ಖಾಲಿ ಇತ್ರಿ."

ಅವರು ನಕ್ಕರು. ಕೆಮ್ಮು ಬರುವತನಕ, ಬಂದ ಮೇಲೂ ನಕ್ಕರು. "ಖಾನಿ ಖಾಲಿ ಇತ್ತಂತ! ಏ ಕಾರಕೂನಾ, ನಮ್ಮನಿಯವರೂ ನಿನ್ನಂಗ ಲೆಕ್ಕಣಿಕಿ ಹಿಡದವರನ. ಮಂದಿ ಎಣಿಸೋ ಖಾನೇಸುಮಾರಿ ಬಂದಾಗ ನನ್ನ ವಯಸ್ಸು ಬರೀಬೇಕಿತ್ತು. ನಾ ಅಡಿಗಿಮನ್ಯಾಗ ಇದ್ದೆ, ಹತ್ತು ಹೆಜ್ಜಿ. ಎದ್ದು ಬಂದು ಕೇಳಲಿಲ್ಲ, ಮನಸ್ಸಿಗೆ ಬಂದದ್ದು ಬರದ್ರು. ಸರಕಾರದ ಲೆಕ್ಕದಾಗ ನಾ ಇನ್ನೂ ಅರವತ್ತು ಮುಟ್ಟಿಲ್ಲ ನೋಡು. ಅದಕ್ಕ ಇಷ್ಟು ನಡೀಲಿಕ್ಕತ್ತೇನಿ."

ನಗುವುದೋ ಬಿಡುವುದೋ ತಿಳಿಯದೆ ಕೈಮುಗಿದೆ.

"ಆದ್ರ ಕೇಳು. ನನ್ನ ಮಗಗ ನಾ ಸುಳ್ಳು ಹೇಳಂಗಿಲ್ಲ."

"ಬ್ಯಾಡ್ರಿ. ನಾನ ಹೇಳತೇನ್ರಿ."

"ಹಂಗಾರ ಏಳು. ನೀರಿಲ್ಲಂದ್ರ ಕಲ್ಲರೆ ನೋಡೂಣು. ಇಷ್ಟು ದೂರ ಬಂದು ಸುಮ್ನ ಹೊಳ್ಳಿ ಹೋಗಲಿಕ್ಕೆ ನಾ ಏನು ಟಪಾಲೇನು?"

ಎದ್ದೆ. ನೌಕರಿ ಹೋಯಿತು ಎಂದು ಖಾತ್ರಿಯಾದ ಮೇಲೆ ಎದೆ ಹಗುರಾಗುತ್ತದೆ ಎಂಬುದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಅಂಜಲು ಏನೂ ಉಳಿಯದೆ, ಹತ್ತು ಹೆಜ್ಜೆ ಕೈಬೀಸಿಕೊಂಡು ನಡೆದೆ. ಹನ್ನೊಂದನೆಯ ಹೆಜ್ಜೆಗೆ ಮಾಳಪ್ಪ ಕೋಲು ಅಡ್ಡ ಹಿಡಿದ.

"ತಡೀರಿ."

ಬಿಸಿಲು ಸುಡುತ್ತಿತ್ತು. ಮೇಲಿನ ತಿರುವಿನಿಂದ ಯಾರೋ ಒಣ ಎಲೆಗಳ ಮೇಲೆ ನಡೆದು ಬಂದ ಹಾಗೆ ಸಪ್ಪಳ. ಕರಡಿ, ಅಂದುಕೊಂಡೆ, ಕಡೆಗೂ ಬಂತಲ್ಲ ಎಂದು ಒಂದು ಬಗೆಯ ನೆಮ್ಮದಿಯೂ ಆಯಿತು. ಮಾಳಪ್ಪ ಕೂಗಿದ:

"ಹಳ್ಳ ಬಿಟ್ಟು ಮ್ಯಾಲ ಏರ್ರಿ! ಲಗೂನ! ನೀರು ಬಂತ್ರಿ!"

ಹುಸೇನಸಾಬ ಗಂಟು ಬಗಲಲ್ಲಿಟ್ಟುಕೊಂಡೇ ಬಂಡೆಯ ಮೇಲೆ ಜಿಗಿದ. ಮಾಳಪ್ಪ ಕೋಲು ಚಾಚಿದ, ಅವ್ವಾರು ಅದರ ತುದಿ ಹಿಡಿದರು, ನಾನು ಹಿಂದಿನಿಂದ ನೂಕಬೇಕೋ ನೂಕಬಾರದೋ ಎಂದು ಎರಡೂ ಕೈ ಗಾಳಿಯಲ್ಲಿ ಹಿಡಿದು ಏರಿದೆ. ಕೆಳಗೆ, ನಾವು ನಿಂತಿದ್ದ ಉಸುಕಿನ ಮೇಲೆ, ಕೆಂಪು ನೀರಿನ ನಾಲಿಗೆಯೊಂದು ಎಲೆ ಕಡ್ಡಿ ನೊರೆಗಳನ್ನು ಮುಂದೆ ದಬ್ಬುತ್ತ ಬಂತು. ಮೊದಲು ಬೆಕ್ಕಿನ ಹಾಗೆ ಮೂಸುತ್ತ ಮೂಸುತ್ತ. ಆಮೇಲೆ ಮೊಣಕಾಲುದ್ದ. ನಾನು ಕುಳಿತು ಅತ್ತೆಯ ಮುಖ ಕಂಡ ದುಂಡು ಕಲ್ಲು ಮುಳುಗಿತು.

"ಹಿಂದಿನ ಬಯಲಾಗ ಹಸ್ತ ಹೊಡದೈತ್ರಿ," ಅಂದ ಮಾಳಪ್ಪ, ತಾನೇ ಹೊಡೆಸಿದವನಂತೆ. "ಇಲ್ಲೂ ಬಂತು ನೋಡ್ರಿ."

ಬಂತು. ಗುಡ್ಡದ ತಲೆಯ ಮೇಲಿಂದ ಕರಿ ಮೋಡ ಇಣುಕಿ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಬೆರಳಿನಷ್ಟು ದಪ್ಪ ಹನಿಗಳು. ಮಾಳಪ್ಪ ತನ್ನ ಕಂಬಳಿಯನ್ನು ಕೊಪ್ಪೆ ಮಾಡಿ ಅವ್ವಾರ ಮುಂದೆ ಹಿಡಿದ, ಹಿಡಿದವನು ಹಿಂಜರಿದ. ನಾನು ನಡುವೆ ಬಾಯಿ ಹಾಕಿದೆ.

"ಅವ್ವಾರ, ನಿಮ್ಮ ಮಡಿ..."

"ಉಣ್ಣಿ ಕಂಬಳಿಗೆ ಮೈಲಿಗಿ ಇಲ್ಲೋ ಹುಚ್ಚಾ," ಎಂದು ಅದನ್ನು ತಲೆಯ ಮೇಲೆ ಎಳೆದುಕೊಂಡರು. "ಕೊಡಪಾ ಮಾಳಪ್ಪ. ನಿನ್ನ ಕುರಿ ತಣ್ಣಗಿರಲಿ."

ಮುಂದೆ ಬಂಡೆಯ ಅಂಚಿಗುಂಟ ಹೋದೆವು. ತೊಯ್ದ ಕಂಬಳಿ ಮುಂದೆ, ಅದರ ವಾಸನೆ ಹಿಡಿದು ನಾನು ಹಿಂದೆ. ಕೊಳ್ಳ ಒಮ್ಮೆಲೆ ತಿರುಗಿತು, ದಬದಬಿಯ ಸದ್ದು ಎದೆಗೆ ಬಡಿಯಿತು. ಒಬ್ಬರ ಮಾತು ಒಬ್ಬರಿಗೆ ಕೇಳದಾಯಿತು. ಅವ್ವಾರು ಕಂಬಳಿ ಸರಿಸಿ, ಎರಡೂ ಕೈ ಜೋಡಿಸಿ, ಮುಖ ಮೇಲೆತ್ತಿ ನಿಂತರು. ಅವರು ನಿಂತ ಬಂಡೆಯ ಮೇಲೆ ಪಾಚಿ ಇತ್ತು. ಎಡಗಾಲಿನ ಹಿಮ್ಮಡಿ ಅಂಚಿನಿಂದ ನಾಲ್ಕು ಬೆರಳು ದೂರ. ನಾನು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, ಜಾರಿದರೆ ಹಿಡಿಯಲೆಂದು ಸೆರಗಿನ ತುದಿಯ ಹತ್ತಿರ ಕೈ ಇಟ್ಟುಕೊಂಡೆ. ಮೂರು ಬೆರಳಾಯಿತು. ಮತ್ತೆ ನಾಲ್ಕಾಯಿತು. ತುಂತುರು ಮುಖಕ್ಕೆ ಹೊಡೆಯುತ್ತಿತ್ತು, ರೆಪ್ಪೆ ಮುಚ್ಚಲೂ ಅಂಜಿಕೆ. ಹುಸೇನಸಾಬ ಎಲ್ಲೋ ಹಿಂದೆ "ಯಾ ಅಲ್ಲಾ, ಯಾ ಅಲ್ಲಾ" ಅನ್ನುತ್ತಿದ್ದ. ಮಾಳಪ್ಪ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಎಷ್ಟು ಹೊತ್ತು ಹಾಗೆ ಇದ್ದೆವೋ. ಅವ್ವಾರು ಕೆಳಗಿಳಿದಾಗ ಅವರ ಕಣ್ಣಂಚಿನಲ್ಲಿದ್ದದ್ದು ಮಳೆಯೋ ಬೇರೆಯೋ, ನಾನು ಕೇಳಲಿಲ್ಲ. ನನ್ನ ಮೊಣಕಾಲು ಹಿಡಿದುಕೊಂಡಿದ್ದವು, ಎಬ್ಬಿಸಲು ಹುಸೇನಸಾಬನೇ ಬೇಕಾಯಿತು.

ಸಂಜೆ ಹೊತ್ತು ಮುಳುಗುವ ಮೊದಲು ಮಾಮಲೇದಾರರ ಮನೆ ಮುಟ್ಟಿದೆವು. ಅವರು ಪಡಸಾಲೆಯಲ್ಲಿ ಕಾಯುತ್ತಿದ್ದರು. ನಾನು ಧೋತರದಿಂದ ನೀರು ಸುರಿಸುತ್ತ ಅಂಗಳದಲ್ಲೇ ನಿಂತು, ಕೇಳುವ ಮೊದಲೇ ಹೇಳಿಬಿಟ್ಟೆ.

"ಸಾಹೇಬ್ರ, ಹನ್ನೆರಡು ತಿಂಗಳು ಬೀಳೂದಿಲ್ರಿ. ಮಳಿ ಆದಾಗ ಅಷ್ಟ. ನಾ ನೋಡದ ಬರದಿದ್ದೆ. ತಪ್ಪಾತ್ರಿ."

ಅವರು ತಾಯಿಯ ಕಡೆ ತಿರುಗಿದರು. "ಹೌದೇನು ಆಯೀ?"

"ಹೌದು. ದಾರ್ಯಾಗನ ಹೇಳಿದ."

"ನೀರು ನೋಡಿದ ಮ್ಯಾಲೋ, ಮೊದಲೋ?"

"ಮೊದಲ. ಹಳ್ಳ ಒಣಗಿ ಹೋಗಿತ್ತು ಆವಾಗ. ನನಗ ಹೇಳಬಾರದಿತ್ತು, ಹೇಳಿದ."

ಮಾಮಲೇದಾರರು ಒಳಗಿನಿಂದ ತಖ್ತೆ ತರಲು ಹೇಳಿದರು. ಅದು ಬರುವಷ್ಟರಲ್ಲಿ ನಾನು ಹುನಗುಂದಕ್ಕೆ ಹೋಗಿ, ಅತ್ತೆಯ ಕೈಯಿಂದ ಎರಡು ಸಲ ಉಂಡು ಬಂದೆ. ಆಮೇಲೆ ಅವರು ಲೆಕ್ಕಣಿಕೆ ಅದ್ದಿ 'ಹನ್ನೆರಡು' ಹೊಡೆದುಹಾಕಿ, ಮೇಲೆ 'ಮಳೆಯಾದಾಗ' ಎಂದು ಬರೆದು, ತಮ್ಮ ಸಹಿ ಹಾಕಿದರು.

"ಬಾವಿ ತಖ್ತೆ?"

"ಅವು ಖರೇ ಅದಾವ್ರಿ. ಹಗ್ಗ ಬಿಟ್ಟು ಅಳದೇನ್ರಿ."

"ನಂಬ್ತೇನಿ. ನಾಳೆ ಲಗೂನ ಬರ್ರಿ. ಶಿಫಾರಸಿಗೆ ನಿಮ್ಮ ನೌಕರಿ ತಾರೀಖೆಲ್ಲಾ ಬೇಕು."

ಮನೆಗೆ ನಡೆದು ಬಂದೆನೋ, ಆ ಹಳ್ಳದ ನೊರೆಯ ಹಾಗೆ ತೇಲಿ ಬಂದೆನೋ. ಗಂಗವ್ವ ಒಣ ಧೋತರ ಕೊಟ್ಟಳು, ಒಲೆಯ ಮುಂದೆ ಕೂಡಿಸಿದಳು, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. ಕಾಯಂ ಅನ್ನುವ ಮಾತನ್ನು ನನ್ನಿಂದ ಮೂರು ಸಲ ಹೇಳಿಸಿದಳು. ಮೂರನೆಯ ಸಲಕ್ಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಕಥೆ ಕೇಳುವವಳ ಹಾಗೆ ನೆಟ್ಟಗೆ ಕುಳಿತಳು.

"ಈಗ ಹೇಳ್ರಿ. ಹೆಂಗಿತ್ತು ದಬದಬಿ?"

ಬಾಯಿ ತೆರೆದೆ.

"ಎಷ್ಟ ಎತ್ತರದಿಂದ ಬೀಳತೈತಿ? ಒಂದ ಧಾರೆನೋ, ಎರಡೋ? ಬೆಳ್ಳಗಿತ್ತೇನು, ಕೆಂಪಗಿತ್ತೇನು?"

ಪಾಚಿ ಎಲ್ಲೆಲ್ಲಿತ್ತು ಎಂದು ಕೇಳಿದ್ದರೆ ಹೇಳುತ್ತಿದ್ದೆ. ಮುದುಕಿಯ ಹಿಮ್ಮಡಿಯ ಒಂದೊಂದು ಬಿರುಕು, ಸೆರಗಿನಲ್ಲಿ ಹರಿದ ಎರಡು ಎಳೆ, ಬಂಡೆಯ ಅಂಚು ಎಲ್ಲಿ ಒಡೆದಿತ್ತು ಎಂಬುದು, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿತ್ತು.

"ಹೇಳ್ರಿ ಮತ್ತ."

"ಎಲ್ಲಾ ಸುಸೂತ್ರ ಆತು," ಅಂದೆ. "ತಲಿ ಎತ್ತಿ ನೀರು ನೋಡೂದೊಂದು ಉಳದಬಿಡ್ತು ನೋಡು."